ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡೆ

ನಮ್ಮ ಮನೆಯಲ್ಲಿ ಒಗ್ಗರಣೆಗಿಂತ ಹೆಚ್ಚು ಎಣ್ಣೆ ಖರ್ಚಾಗುವುದು ನನ್ನ ಮೈಮೇಲೆ. ನಿವೃತ್ತನಾದ ಮೇಲೆ ನನಗೆ ಬೇರೆ ಹುದ್ದೆಯೇನೂ ಇರಲಿಲ್ಲ. ಚರ್ಮ ಮೊದಲೇ ಒಣಕಲು, ಹಿಮ್ಮಡಿಯಲ್ಲಿ ಬಿರುಕು, ತಲೆ ಪೂರ್ತಿ ಬಯಲು. ಇಷ್ಟೊಂದು ಅರ್ಹತೆಗಳಿರುವ ಗಂಡಸನ್ನು ಸುಮ್ಮನೆ ಕೂತು ಪೇಪರ್ ಓದಲು ಯಾರಾದರೂ ಬಿಡುತ್ತಾರೆಯೇ? ಅಮ್ಮ, ಹೆಂಡತಿ, ಮಗಳು ಮೂವರೂ ಸೇರಿ ಪಾಲುಪಟ್ಟಿ ಮಾಡಿಕೊಂಡರು. ತಲೆ ಅಮ್ಮನಿಗೆ, ಹಿಮ್ಮಡಿ ಹೆಂಡತಿಗೆ, ಮುಖ ಮಗಳಿಗೆ. ನಡುವಿನ ಭಾಗ ಇನ್ನೂ ವ್ಯಾಜ್ಯದಲ್ಲಿದೆ.

ಅಮ್ಮ ತಿಪಟೂರಿನ ಕಡೆಯವಳು. ಊರು ತುಂಬ ಕೊಬ್ಬರಿ ಇದ್ದರೂ ಅವಳ ನಿಷ್ಠೆ ಹರಳೆಣ್ಣೆಗೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದ ಹರಳನ್ನು ಮನೆಯಲ್ಲೇ ಬೇಯಿಸಿ ತೆಗೆದರೆ ಅದು ಎಣ್ಣೆ, ಮಿಕ್ಕಿದ್ದೆಲ್ಲ ಬಣ್ಣದ ನೀರು ಎಂಬುದು ಅವಳ ಸಿದ್ಧಾಂತ. ಕಳೆದ ದೀಪಾವಳಿಗೆ ಮುಂಚೆ ಊರಿನಿಂದ ಹರಳಿನ ಚೀಲ ಬಂದೇಬಿಟ್ಟಿತು. "ನನ್ನ ಕೈಲಾಗಲ್ಲ ಕಣೋ. ನೀನು ಕುಟ್ಟು, ನಾನು ಹೇಳ್ಕೊಡ್ತೀನಿ" ಎಂದಳು. ಸರ್ಕಾರ ನನಗೆ ವಯಸ್ಸಾಯಿತೆಂದು ಮನೆಗೆ ಕಳಿಸಿತ್ತು. ಅಮ್ಮನ ಲೆಕ್ಕದಲ್ಲಿ ನಾನಿನ್ನೂ ಗಾಣಕ್ಕೆ ಕಟ್ಟುವ ಪ್ರಾಯದವನು.

"ಮಿಕ್ಸಿಗೆ ಹಾಕಿದ್ರಾಯ್ತು" ಎಂದು ಮೆಲ್ಲಗೆ ಸೂಚಿಸಿದೆ. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ರೀ, ಹರಳಲ್ಲಿ ವಿಷ ಇರುತ್ತೆ. ನನ್ನ ಮಿಕ್ಸಿ ಮುಟ್ಟಿದ್ರೆ ಜೋಕೆ!" ಅವಳು ಹೇಳಿದ್ದು ನಿಜ. ಹಸಿ ಹರಳುಬೀಜದಲ್ಲಿ ರಿಸಿನ್ ಎಂಬ ಕಡುವಿಷವಿದೆ. ಅದು ಎಣ್ಣೆಗೆ ಇಳಿಯುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಚೆನ್ನಾಗಿ ಕುದಿಸಿದರೆ ಅದರ ಸೊಕ್ಕೂ ಅಡಗುತ್ತದೆ. ಹರಳು ಹಿಂಡಿಯನ್ನು ದನದ ಬಾನಿಗೆ ಹಾಕದೆ ಗಿಡದ ಬುಡಕ್ಕೆ ಹಾಕುವುದು ಇದೇ ಕಾರಣಕ್ಕೆ. ರಿಸಿನ್ ಹೆಸರು ಕೇಳಿರದ ಅಮ್ಮನಿಗೂ ಇಷ್ಟು ಗೊತ್ತಿತ್ತು. ಹಾಗಾಗಿ ಮಿಕ್ಸಿಗೆ ಬಿಡುಗಡೆ, ನನಗೆ ಒನಕೆ.

ಹರಳನ್ನು ಬಾಣಲೆಯಲ್ಲಿ ಘಮ್ಮೆನ್ನುವ ತನಕ ಹುರಿದೆ. ಘಮ್ಮೆಂದಿದ್ದು ಅಮ್ಮನಿಗೆ, ಕೆಳಗಿನ ಮನೆಯವರು ಯಾರದೋ ವೈರು ಸುಡುತ್ತಿದೆಯೆಂದು ವಾಚ್‌ಮನ್‌ನನ್ನು ಓಡಿಸಿದರು. ಬಾಲ್ಕನಿಯಲ್ಲಿ ಒರಳಿಟ್ಟು ಕುಟ್ಟಿದಾಗ ಕೈಗೆ ಅಂಟುವ ಕರೀ ಮುದ್ದೆಯಾಯಿತು. ಅದನ್ನು ಕುದಿಯುವ ನೀರಿಗೆ ಬಿಟ್ಟು ಗಂಟೆಗಟ್ಟಲೆ ಬೇಯಿಸಿದಾಗ ಹಿಪ್ಪೆ ತಳ ಸೇರಿತು, ಎಣ್ಣೆ ಮೇಲೆ ತೇಲಿತು. ತೇಲಿದ್ದನ್ನು ಸೌಟಿನಲ್ಲಿ ತೆಗೆದು ಬೇರೆ ಪಾತ್ರೆಯಲ್ಲಿ ಮತ್ತೆ ಒಲೆಗಿಟ್ಟೆ. ಕಣ್ಣಿಗೆ ಪೊರೆ ಬಂದಿರುವ ಅಮ್ಮ ಕಿವಿಗೊಟ್ಟು ಕೂತಿದ್ದಳು. "ಚಟಪಟ ಅಂತಿದೆ, ನೀರಿನ್ನೂ ಇದೆ. ಸದ್ದು ನಿಂತ್ಮೇಲೆ ಇಳಿಸು." ಸದ್ದು ನಿಂತಿತು, ಇಳಿಸಿದೆ. ಬಟ್ಟೆಯಲ್ಲಿ ಸೋಸಿದರೆ ಕಂದು ಬಣ್ಣದ, ಜೇನಿಗಿಂತ ನಿಧಾನಸ್ಥ ಎಣ್ಣೆ. ಇದರಲ್ಲಿ ಹೆಚ್ಚೂಕಮ್ಮಿ 90 ಪಾಲು ರಿಸಿನೋಲಿಯಿಕ್ ಎಂಬ ಒಂದೇ ಕೊಬ್ಬಿನಾಮ್ಲ. ಅಂಟು ಅದರದ್ದೇ.

ಹೆಂಡತಿ ಶಿರಸಿಯವಳು. ಅವಳಿಗೂ ಅಮ್ಮನಿಗೂ ಬೇರೆಲ್ಲ ವಿಷಯಗಳಲ್ಲಿ ಹೊಂದಾಣಿಕೆ, ಎಣ್ಣೆಯ ವಿಷಯಕ್ಕೆ ಬಂದರೆ ಮಾತ್ರ ಎಣ್ಣೆ ಸೀಗೆಕಾಯಿ. ಅವಳ ತವರಿನಿಂದ ಬರುವುದು ಮುರುಗಲ ತುಪ್ಪ. ಬೇಸಿಗೆಯಲ್ಲಿ ಹಣ್ಣಿನ ಸಿಪ್ಪೆ ಸಾರಿಗೂ ಪಾನಕಕ್ಕೂ ಹೋದ ಮೇಲೆ ಬೀಜ ಒಣಗಿಸಿ ಕುಟ್ಟಿ ನೀರಲ್ಲಿ ಕುದಿಸುತ್ತಾರೆ. ಆರಿದಾಗ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ತೆಗೆದು ಉಂಡೆ ಕಟ್ಟುತ್ತಾರೆ. ಇದು ಕರಗುವುದು ಸುಮಾರು 40 ಡಿಗ್ರಿಯ ಆಸುಪಾಸಿನಲ್ಲಿ. ಆದ್ದರಿಂದ ಡಬ್ಬಿಯಲ್ಲಿ ಕಲ್ಲಿನ ಹಾಗೆ ಇರುತ್ತದೆ, ಬಿಸಿ ಮಾಡಿ ಹಿಮ್ಮಡಿಯ ಬಿರುಕಿಗೆ ತುಂಬಿದರೆ ಅಲ್ಲೇ ಕೂರುತ್ತದೆ. ಇದೇ ಕೊಬ್ಬು ಕೋಕಂ ಬಟರ್ ಎಂಬ ಹೆಸರಲ್ಲಿ ದೊಡ್ಡ ಕಂಪನಿಗಳ ಕ್ರೀಮು, ಲಿಪ್‌ಸ್ಟಿಕ್ಕುಗಳಿಗೂ ಹೋಗುತ್ತದೆ. ಅದನ್ನು ತುಂಬಿಸಿಕೊಂಡ ರಾತ್ರಿ ನಾನು ನೆಲಕ್ಕೆ ಕಾಲಿಡುವಂತಿಲ್ಲ. ನೀರು ಬೇಕೆಂದರೆ ಕೂಗಬೇಕು, ಕೂಗಿದರೆ ಬೈಸಿಕೊಳ್ಳಬೇಕು.

ಮಗಳದು ದೂರದೇಶದ ವ್ಯವಹಾರ. "ಅಪ್ಪಾ, ಅಲ್ಲಾಡಬೇಡ" ಎಂದು ನನ್ನ ಮೂಗಿನ ಮೇಲೆ ಜೊಜೊಬಾ ಸವರುತ್ತಾಳೆ. ಅಮೆರಿಕ, ಮೆಕ್ಸಿಕೋಗಳ ಸೊನೋರನ್ ಮರುಭೂಮಿಯ ಪೊದೆಯ ಬೀಜದ್ದು; ಈಗ ರಾಜಸ್ಥಾನದಲ್ಲೂ ಬೆಳೆಯುತ್ತಾರೆ. ನಿಜವಾಗಿ ಇದು ಎಣ್ಣೆಯಲ್ಲ, ದ್ರವರೂಪದ ಮೇಣ. ನಮ್ಮ ಚರ್ಮ ತಾನೇ ಸ್ರವಿಸುವ ಜಿಡ್ಡಿನಲ್ಲೂ ಇಂಥ ಮೇಣವಿದೆ, ಬೇಗ ಕಮಟುವುದೂ ಇಲ್ಲ. 1970ರ ದಶಕದಲ್ಲಿ ಅಮೆರಿಕ ತಿಮಿಂಗಿಲದೆಣ್ಣೆಯನ್ನು ನಿಷೇಧಿಸಿದಾಗ ಅದರ ಜಾಗಕ್ಕೆ ಬಂದದ್ದು ಜೊಜೊಬಾ. ತಿಮಿಂಗಿಲಗಳಿಗೆ ಆಸರೆಯಾದ ಎಣ್ಣೆಗೆ ನನ್ನ ಮೂಗು ದೊಡ್ಡ ಸವಾಲೇನಲ್ಲ ಎಂಬುದು ಮಗಳ ಧೈರ್ಯ.

ಇನ್ನೊಂದು ಮೊರಾಕೋದ ಅರ್ಗಾನ್. ಅಲ್ಲಿ ಆ ಮರ ಹತ್ತಿ ಆಡುಗಳು ಹಣ್ಣು ಮೇಯುತ್ತವೆ. ಗಟ್ಟಿ ಬೀಜವನ್ನು ಹೆಂಗಸರು ಕಲ್ಲಿನಿಂದ ಒಡೆದು, ತಿರುಳನ್ನು ಬೀಸುಕಲ್ಲಿನಲ್ಲಿ ಬೀಸಿ, ಹಿಟ್ಟಿನಂತೆ ನಾದಿ ಎಣ್ಣೆ ಹಿಂಡುತ್ತಾರೆ. ಊಟದ ಎಣ್ಣೆಗೆ ತಿರುಳನ್ನು ಹುರಿಯುತ್ತಾರೆ, ಮೈಗೆ ಹಚ್ಚುವುದಕ್ಕೆ ಹುರಿಯುವುದಿಲ್ಲ. ಬಾಟಲಿಯ ಬೆಲೆ ಕೇಳಿದ ಅಮ್ಮ "ಆಡು ಹತ್ತಿದ್ದಕ್ಕೂ ಕೂಲಿ ಹಾಕಿದ್ದಾರಾ?" ಎಂದಳು.

ಇದಕ್ಕೆ ಮಗಳು ಲ್ಯಾವೆಂಡರ್ ಹನಿ ಬೆರೆಸುತ್ತಾಳೆ. ಗಂಧದೆಣ್ಣೆಯ ಹಾಗೆ ಹಬೆ ಹಾಯಿಸಿ ಬಟ್ಟಿ ಇಳಿಸಿದ ಸುಗಂಧ ತೈಲಗಳು ಬಲು ಖಾರ. ನೇರವಾಗಿ ಹಚ್ಚಿದರೆ ಚರ್ಮ ಉರಿಯುತ್ತದೆ. ಅದನ್ನು ತೆಳುಮಾಡಿ ಹೊತ್ತೊಯ್ಯುವುದಕ್ಕೇ ಈ ಬೀಜದೆಣ್ಣೆಗಳಿಗೆ ಕ್ಯಾರಿಯರ್ ಆಯಿಲ್ ಎನ್ನುವುದು. ಎರಡು ಚಮಚ ಎಣ್ಣೆಗೆ ನಾಲ್ಕು ಹನಿ ಸಾಕು, ಮುಖಕ್ಕಾದರೆ ಅದರ ಅರ್ಧ.

ಮೂವರ ಕೈಗೂ ಸಿಕ್ಕವನಿಗೆ ಕೊನೆಗೆ ಉಳಿಯುವುದು ಜ್ಞಾನವೊಂದೇ. ಈಗ ನಾನು ಲೇಬಲ್ ಓದುವುದರಲ್ಲಿ ಪಂಡಿತ. ಮರದ ಗಾಣ ನಿಧಾನಕ್ಕೆ ತಿರುಗುವುದರಿಂದ ಎಣ್ಣೆ ಹೆಚ್ಚು ಕಾಯುವುದಿಲ್ಲ, ಬೀಜದ ಬಣ್ಣ ವಾಸನೆ ಉಳಿಯುತ್ತದೆ. ಎಳ್ಳು ಅರೆಯುವಾಗ ಗಾಣದವರು ಒಂದಿಷ್ಟು ಬೆಲ್ಲ ಹಾಕುತ್ತಾರೆ. ಹಿಂಡಿ ಗಟ್ಟಿಯಾಗಿ ಕೂಡಿ ಎಣ್ಣೆ ಬೇಗ ಬಿಡುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಒತ್ತಿದ ಮೇಲೂ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಪೆಟ್ರೋಲಿಯಂ ಮೂಲದ ಹೆಕ್ಸೇನ್‌ನಲ್ಲಿ ಕರಗಿಸಿ ತೆಗೆಯುತ್ತಾರೆ. ಸುಮಾರು 69 ಡಿಗ್ರಿಗೇ ಕುದಿಯುವ ಅದನ್ನು ಆಮೇಲೆ ಆವಿಯಾಗಿಸಿ ಕಳೆಯುತ್ತಾರೆ. ಮುಂದೆ ವಿಶೇಷ ಜೇಡಿಯಿಂದ ಬಣ್ಣ ಹೀರಿಸಿ, 200 ಡಿಗ್ರಿ ಮೀರಿದ ಬಿಸಿಯಲ್ಲಿ ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ಇಷ್ಟೆಲ್ಲ ಆದಮೇಲೆ ಆ ಎಣ್ಣೆಗೆ ತನ್ನ ಕುಲಗೋತ್ರವೇ ಮರೆತುಹೋಗಿರುತ್ತದೆ. ಈ ಉಪನ್ಯಾಸವನ್ನು ಮನೆಯಲ್ಲಿ ಹಲವು ಸಲ ಆರಂಭಿಸಿದ್ದೇನೆ. ಹಬೆಯ ತನಕ ಯಾರೂ ಕೂತು ಕೇಳಿಲ್ಲ.

ನರಕ ಚತುರ್ದಶಿಯ ಬೆಳಗ್ಗೆ ಅಮ್ಮ ನನ್ನನ್ನು ಮಣೆಯ ಮೇಲೆ ಕೂರಿಸಿ ಬಟ್ಟಲಿನ ಹರಳೆಣ್ಣೆಯನ್ನು ನೆತ್ತಿಗೆ ಸುರಿದಳು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳಬಾರದೆಂದು ಗಾದೆ ಮಾಡಿದವರ ತಲೆಯಲ್ಲಿ ಕೂದಲಿತ್ತೆಂದು ಕಾಣುತ್ತದೆ. ನನ್ನ ತಲೆಯಲ್ಲಿ ಅದನ್ನು ತಡೆಯುವವರೇ ಇಲ್ಲ, ನೇರವಾಗಿ ಕಣ್ಣಿಗೇ ಇಳಿಯಿತು. ಸೀಗೆಪುಡಿ, ಕಡಲೆಹಿಟ್ಟು ಎರಡೂ ಸೋತವು.

ಹಬ್ಬ ಕಳೆದು ನವೆಂಬರಿನ ಕೆಲಸಕ್ಕೆ ಹೋದೆ. ಪಿಂಚಣಿದಾರ ಬದುಕಿದ್ದಾನೆಂದು ವರ್ಷಕ್ಕೊಮ್ಮೆ ಬೆರಳೊತ್ತಿ ತೋರಿಸುವ ಕೆಲಸ. ಬೆರಳು ಯಂತ್ರದ ಮೇಲೆ ಜಾರಿತು. "ಒರೆಸ್ಕೊಂಡು ಇಡಿ ಸಾರ್" ಎಂದ ಹುಡುಗ. ಒರೆಸಿ ಇಟ್ಟೆ. "ಮ್ಯಾಚ್ ಆಗ್ತಿಲ್ಲ ಸಾರ್." ಹತ್ತೂ ಬೆರಳು ಮುಗಿದ ಮೇಲೆ, ನಾನಿದ್ದೇನೆ ಎಂಬುದಕ್ಕೆ ಸರ್ಕಾರದ ಬಳಿ ಪುರಾವೆಯಿಲ್ಲವೆಂದು ಖಚಿತವಾಯಿತು. ಮುಖ ತೋರಿಸಿದರೂ ಆದೀತೆಂದು ಮೊಬೈಲು ಹಿಡಿದ. "ತುಂಬಾ ಹೊಳೀತಿದೆ ಸಾರ್, ಮುಖಾನೂ ಒರೆಸ್ಕೊಳ್ಳಿ." ಜೊಜೊಬಾ ಒರೆಸಿಕೊಂಡ ಮೇಲೆ ಬದುಕಿದೆ. ಮನೆಗೆ ಬಂದು ಹೇಳಿದರೆ ಹೆಂಡತಿ, "ಪಾಪ, ಆ ಮಿಷನ್ನಿಗೂ ನನ್ ಥರಾನೇ ಅನುಮಾನ" ಎಂದಳು.

ಇಷ್ಟು ಎಣ್ಣೆ ಕುಡಿದ ಚರ್ಮದ ಅಧಿಕಾರದಿಂದ ಹೇಳುತ್ತೇನೆ. ಚರ್ಮಕ್ಕೆ ಪಾಸ್‌ಪೋರ್ಟೂ ಗೊತ್ತಿಲ್ಲ, ಬೆಲೆಪಟ್ಟಿಯೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಣ್ಣೆ ತಾಜಾ ಹೌದೋ ಅಲ್ಲವೋ ಎಂಬುದೊಂದೇ. ಹತ್ತಿರದಲ್ಲಿ ಗಾಣವಿದ್ದರೆ ಹೋಗಿ ಕಣ್ಣೆದುರೇ ಅರೆಸಿ. ಸಣ್ಣ ಬಾಟಲಿ ತನ್ನಿ, ಬಿಸಿಲಿಗಿಡಬೇಡಿ, ಕಮಟು ವಾಸನೆ ಬಂದರೆ ಮೈಗೆ ಹಚ್ಚಬೇಡಿ. ಹೊಸ ಎಣ್ಣೆಯಾದರೆ ಮೊದಲು ಮೊಣಕೈ ಒಳಬದಿಗೆ ಸವರಿ ಒಂದು ದಿನ ಕಾಯಿರಿ. ಮೊಡವೆ ಏಳುವ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ. ಬೋಳುತಲೆಯಲ್ಲಿ ಕೂದಲು ಬೆಳೆಸುವ ಎಣ್ಣೆ ಮಾತ್ರ ಯಾವ ಗಾಣದಲ್ಲೂ ಇಳಿದಿಲ್ಲ. ಯಾರಾದರೂ ಮಾರಲು ಬಂದರೆ ಮೊದಲು ಅವರ ಟೋಪಿ ತೆಗೆಸಿ ನೋಡಿ.