ರೂಟ್ ಮಾಮ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹತ್ತಿರ ಟೀ ಕುಡಿಯುತ್ತಾ ಯಾರಾದರೂ "ಮಂಗಳೂರಿಗೆ ಹೋಗ್ಬೇಕು" ಅಂದರೆ ಸಾಕು, ರೂಟ್ ಮಾಮನ ಕೈಯ ಗ್ಲಾಸು ಕೆಳಗೆ ಕೂರುತ್ತದೆ. ಯಾರ ಮದುವೆ, ಏನು ಕೆಲಸ ಅಂತ ವಿಚಾರಿಸುವ ಜನ ನಾವೆಲ್ಲ. ಮಾಮ ಕೇಳುವುದು ಒಂದೇ: "ಯಾವ ಘಾಟಿ?"

ಚಿಂತಾಮಣಿಯ ಟೊಮ್ಯಾಟೊ ಮಂಡಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ, ಗೌರಿಬಿದನೂರು ಸ್ಟೇಷನ್ನಿನಲ್ಲಂತೂ ಬೆಂಚಿಗೊಬ್ಬರು. ನಮ್ಮ ಮಾಮ ಅವರಿಗೆಲ್ಲ ಗುರು. ಶಿರಾಡಿ ಹತ್ತಿರ, ಆದರೆ ಮಳೆಗಾಲದಲ್ಲಿ ಗುಡ್ಡವೇ ರಸ್ತೆಗಿಳಿಯುತ್ತದೆ. ಚಾರ್ಮಾಡಿಯಾದರೆ ಧರ್ಮಸ್ಥಳವೂ ಆಯಿತು, ವಾಂತಿಯೂ ಆಯಿತು. ಮಡಿಕೇರಿ ಸುತ್ತಿ ಸಂಪಾಜೆಯಲ್ಲಿ ಇಳಿಯುವುದು, ಜೊತೆಗೆ ಬಂದ ನೆಂಟರ ಮೇಲೆ ಸೇಡಿದ್ದರೆ ಮಾತ್ರ.

ರೈಲು ಅಂದಿರೋ, ಟೀ ಆರಿತು ಅಂತಲೇ ಲೆಕ್ಕ. "ಹಗಲು ಗಾಡೀಲೇ ಹೋಗು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿಲೋಮೀಟರು, 57 ಸುರಂಗ. ರಾತ್ರಿ ಹೋದ್ರೆ ಎಲ್ಲಾ ಒಂದೇ ಸುರಂಗ. ಇಳಿಯೋದು ಸೆಂಟ್ರಲ್ಲೋ ಜಂಕ್ಷನ್ನೋ ಮೊದಲೇ ನೋಡ್ಕೋ. ಕಾರವಾರದ ರೈಲು ಹತ್ತೀಯ ಜೋಕೆ, ಅದು ಪಡೀಲಿನಲ್ಲೇ ತಿರುಗಿ ಎರಡನ್ನೂ ಮುಟ್ಟದೆ ಓಡುತ್ತೆ. ನೀನು ಕಣ್ಬಿಡೋದು ಸುರತ್ಕಲ್ಲಲ್ಲಿ. ಊರೊಳಗೆ ಕಂಡಕ್ಟರು 'ಸ್ಟೇಟ್ ಬ್ಯಾಂಕ್' ಅಂತ ಕೂಗಿದ್ರೆ ಪಾಸ್‌ಬುಕ್ ತೆಗೀಬೇಡ, ಅದು ಬಸ್ ಸ್ಟ್ಯಾಂಡು. ನಮ್ಮ ಕೆಂಪು ಬಸ್ಸು ಮಾತ್ರ ನಿಲ್ಲೋದು ಬಿಜೈಲಿ."

ಒಮ್ಮೆ ಕಾಲೇಜು ಹುಡುಗನೊಬ್ಬ ನಡುವೆ ಬಾಯಿ ಹಾಕಿದ. "ಮಾಮಾ, ದೇವನಹಳ್ಳಿ ಇಲ್ಲೇ ಇದೆಯಲ್ಲ. ವಿಮಾನ ಹತ್ತಿದ್ರೆ ಒಂದು ಗಂಟೆ."

ಮಾತು ನಿಜ. 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಬೆಂಗಳೂರಿನವರಿಗಿಂತ ನಾವು ಮುಂದಿರುವುದು ಇದೊಂದರಲ್ಲೇ. ಜಯನಗರದವರು ಹೆಬ್ಬಾಳದ ಫ್ಲೈಓವರ್ ಮೇಲೆ ಬೆವರುವ ಹೊತ್ತಿಗೆ ನಾವಿನ್ನೂ ಮುದ್ದೆ ಉಂಡು ಕೈ ತೊಳೆಯುತ್ತಿರಬಹುದು. ಮಾಮನ ಮುಖ ಮಾತ್ರ ಹುಳ್ಳಗಾಯಿತು. ಮಂಗಳೂರಿನ ವಿಮಾನ ಇಳಿಯುವ ಬಜ್ಪೆಯ ವಿಷಯ ಗೊತ್ತಿಲ್ಲ ಅಂತಲ್ಲ. ಗುಡ್ಡದ ನೆತ್ತಿ ಸವರಿ ರನ್‌ವೇ ಮಾಡಿರುವುದು, 1951ರ ಕ್ರಿಸ್‌ಮಸ್ ದಿನ ನೆಹರೂ ಡಕೋಟದಲ್ಲಿ ಬಂದಿಳಿದದ್ದು, ಎಲ್ಲ ಬಾಯಿಪಾಠ. "ಆದ್ರೆ ಅಷ್ಟು ಮೇಲೆ ದಾರಿ ತಪ್ಪಿದ್ರೆ ಯಾರನ್ನ ಕೇಳ್ತೀಯಪ್ಪಾ?"

ಹೋಗಿ ಬಂದವರನ್ನೂ ಅವನು ಬಿಡುವುದಿಲ್ಲ. ಪಣಂಬೂರಿನ ಸಮುದ್ರ ಹೇಗಿತ್ತು, ಬನ್ಸ್ ತಿಂದೆಯಾ, ಇದ್ಯಾವುದೂ ಬೇಡ. ಕಾವೂರು ದಾಟಿದ ಮೇಲೆ ಟ್ಯಾಕ್ಸಿಯವನು ಯೆಯ್ಯಾಡಿ ಕಡೆಯಿಂದ ಬಂದನೋ ಕುಂಟಿಕಾನದ ಕಡೆಯಿಂದಲೋ, ಅಷ್ಟು ಹೇಳಿದರೆ ಬಿಡುಗಡೆ.

ಈಚೆಗೆ ಮಾಮನ ಗಮನವೆಲ್ಲ ಎತ್ತಿನಹೊಳೆಯ ಮೇಲೆ. ನೇತ್ರಾವತಿ ಸೇರಿ ಮಂಗಳೂರಿನ ಕಡಲಿಗೆ ಹೋಗುವ ನೀರನ್ನು ಸಕಲೇಶಪುರದ ಬಳಿ ಎತ್ತಿ ನಮ್ಮ ಕಡೆ ತಿರುಗಿಸುವ ಯೋಜನೆ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಶಂಕುಸ್ಥಾಪನೆಯಾಯಿತು, 2024ರಲ್ಲಿ ಸಕಲೇಶಪುರದ ಕಡೆ ಪಂಪು ಓಡಿತು. ನಮ್ಮ ಕೆರೆಯಲ್ಲಿ ಇನ್ನೂ ಜಾಲಿಯೇ ಬೆಳೆ.

"ನೀರು ಎಲ್ಲಿಗೆ ಬಂತು ಮಾಮಾ?"

ಮಾಮ ಬೀಡಿ ನೆಲಕ್ಕೆ ಒತ್ತಿದ. "ಹಾಸನ, ತುಮಕೂರು ಅಂತ ಸುತ್ತಿಸ್ತಾ ಅವ್ರೆ. ನನ್ನ ಒಂದು ಮಾತು ಕೇಳಿದ್ರೆ ಬೇರೆ ರೂಟ್ ಹೇಳ್ತಿದ್ದೆ."