ದ್ರಾಕ್ಷಿಯೊಂದನ್ನು ಬಿಟ್ಟು

ಬೋರ್ಡೋದ ಹಳೆಯ ಕೆಂಪು ವೈನಿನ ಸುತ್ತ ಹತ್ತು ಜನ ಕೂತಿದ್ದರೆ, ಅವರಲ್ಲಿ ವಿಮರ್ಶಕ ಯಾರೆಂದು ಕೇಳಬೇಕಾಗಿಲ್ಲ. ಕುಡಿಯದವನೇ ಅವನು. ಲೋಟದ ಕಾಲು ಹಿಡಿದು ಗಿರ್ರನೆ ಆಡಿಸುತ್ತಾನೆ. ಬಿಳಿ ಮೇಜುಬಟ್ಟೆಯ ಮೇಲೆ ಓರೆ ಮಾಡಿ ಅಂಚಿನ ಬಣ್ಣ ನೋಡುತ್ತಾನೆ: ಪ್ರಾಯದಲ್ಲಿ ನೇರಳೆ, ಮುಪ್ಪಿನಲ್ಲಿ ಇಟ್ಟಿಗೆ. ಆಮೇಲೆ ಮೂಗು ಪೂರ್ತಿ ಒಳಗೆ. ಒಂದು ಗುಟುಕು ಬಾಯಿಗೆ ಬಿದ್ದದ್ದೇ ಗಾಳಿ ಎಳೆದು ಗಳಗಳ ಸದ್ದು ಮಾಡುತ್ತಾನೆ. ನಮ್ಮ ಪಂಕ್ತಿಯಲ್ಲಿ ಸಾರನ್ನು ಹೀಗೆ ಸುರಿದಿದ್ದರೆ ಅಜ್ಜಿ ಸೌಟು ಎತ್ತುತ್ತಿದ್ದಳು. ಕೊನೆಗೆ, ನಮ್ಮಂಥವರ ತಿಂಗಳ ಸಂಬಳ ನುಂಗಿದ ಆ ಬಾಟಲಿಯ ಸಾರವನ್ನು ಬಕೆಟ್ಟಿಗೆ ಉಗುಳುತ್ತಾನೆ.

ಉಗುಳಿದ ಮೇಲೇ ಮಾತು.

"ಸಿಗಾರ್ ಪೆಟ್ಟಿಗೆ... ದೇವದಾರು... ಪೆನ್ಸಿಲ್ ಸೀಸ... ಮಳೆ ನಿಂತ ಕಾಡಿನ ನೆಲ. ಹಿಂದೆಯೇ ಕುದುರೆಯ ಜೀನು."

ಪಕ್ಕದ ವಿಮರ್ಶಕ ಸೋಲುವವನಲ್ಲ. "ಜೀನು ಹೌದು. ಆದರೆ ಕುದುರೆ ಬೆವರಿತ್ತು."

ಎರಡನೇ ಕ್ಲಾಸಿನಲ್ಲಿ ಪೆನ್ಸಿಲ್ ಕಚ್ಚಿದವರೇ ನಾವೂ. ಯಾವ ಮೇಷ್ಟರೂ ನಮ್ಮ ನಾಲಿಗೆಯನ್ನು ಮೆಚ್ಚಲಿಲ್ಲ. ಅಣಬೆ, ತೊಗಲು, ತಂಬಾಕು ಎಲ್ಲವೂ ಇವರ ಬಾಯಲ್ಲಿ ಬರುತ್ತವೆ, ದ್ರಾಕ್ಷಿ ಬರುವುದಿಲ್ಲ. ಪೂರ್ತಿ ಬುರುಡೆ ಎನ್ನಲೂ ಆಗದು. ವರ್ಷಗಳು ಕಳೆದಂತೆ ಹಣ್ಣಿನ ಪರಿಮಳ ಹಿಂದೆ ಸರಿಯುತ್ತದೆ, ಒಗರು ತರುವ ಟ್ಯಾನಿನ್ ಒಂದಕ್ಕೊಂದು ಬೆಸೆದು ಗಸಿಯಾಗಿ ತಳ ಸೇರುತ್ತದೆ. ಕೊಟ್ಟಿಗೆಯ ವಾಸನೆಯೂ ಕೆಲವೊಮ್ಮೆ ನಿಜವೇ; ಅದು ಬ್ರೆಟ್ಟನೊಮೈಸಿಸ್ ಎಂಬ ಯೀಸ್ಟಿನ ಕೆಲಸ. ಅಗ್ಗದ ಬಾಟಲಿಯಲ್ಲಿದ್ದರೆ ದೋಷ. ಲೇಬಲ್ ದೊಡ್ಡದಾದರೆ ನಮ್ಮ ಮಹಾಶಯ ಅದಕ್ಕೆ 'ವ್ಯಕ್ತಿತ್ವ' ಎನ್ನುತ್ತಾನೆ. ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿಗೆ ಕೂತು, ವಿದ್ವಾಂಸರು ಗಂಟಲು ಸರಿಮಾಡಿಕೊಂಡಾಗಲೇ ತಲೆದೂಗುವವರ ಗೋತ್ರ ಇವನದು.

ಇನ್ನು ಅಂಕ. 1982ರ ಬೋರ್ಡೋ ಫಸಲನ್ನು ಹೊಗಳಿ ಹೆಸರಾದ ಅಮೆರಿಕದ ರಾಬರ್ಟ್ ಪಾರ್ಕರ್ ಜನಪ್ರಿಯ ಮಾಡಿದ 100 ಅಂಕಗಳ ಲೆಕ್ಕದಲ್ಲಿ ಮೊದಲ 50 ಪುಕ್ಕಟೆ, ಪರೀಕ್ಷೆಗೆ ಹಾಜರಾದದ್ದಕ್ಕೆ! 35ಕ್ಕಾಗಿ ಹರಕೆ ಹೊತ್ತ ನಮ್ಮ ಎಸ್ಸೆಸ್ಸೆಲ್ಸಿ ಪೀಳಿಗೆಗೆ ಹೊಟ್ಟೆ ಉರಿಯದೆ ಇದ್ದೀತೆ? ಇವನು 93 ಬರೆದರೆ ಪಕ್ಕದವನು 94. ಆ ಒಂದು ಅಂಕ ಕುದುರೆಯ ಬೆವರಿಗಿರಬೇಕು.

ಒಂದು ಹೆಸರನ್ನು ಮಾತ್ರ ಇವನ ಮುಂದೆ ಎತ್ತಬಾರದು: ಫ್ರೆಡೆರಿಕ್ ಬ್ರೋಷೆ. ಬೋರ್ಡೋದಲ್ಲೇ ಆತನೂ ಸಂಗಡಿಗರೂ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ವೈನ್ ವಿದ್ಯಾರ್ಥಿಗಳ ಮುಂದಿಟ್ಟರು. ಮಕ್ಕಳು ಅದನ್ನು ಮೂಸಿ, ಕೆಂಪು ವೈನಿಗೆ ಮೀಸಲಾದ ಪದಗಳಲ್ಲೇ ವರ್ಣಿಸಿದರು. 2001ರಲ್ಲಿ ಇದು ಅಚ್ಚಾಯಿತು. ಕೇಳಿ ನೋಡಿ, "ಅವರಿನ್ನೂ ವಿದ್ಯಾರ್ಥಿಗಳು" ಎಂದು ನೋಟ್‌ಬುಕ್ ಮುಚ್ಚುತ್ತಾನೆ.

ಮುಚ್ಚಿದ ಮೇಲೆ ಊಟ. ಲೇಬಲ್ಲಿಲ್ಲದ ಜಗ್ಗಿನಿಂದ ಯಾರೋ ಲೋಟಕ್ಕೆ ಸುರಿಯುತ್ತಾರೆ. ಆಡಿಸುವುದಿಲ್ಲ, ಮೂಸುವುದಿಲ್ಲ, ಗಟಗಟನೆ ಇಳಿಸುತ್ತಾನೆ. ಬಕೆಟ್ ಮೂರು ಮಾರು ದೂರದಲ್ಲಿದೆ, ಆ ಕಡೆ ತಿರುಗಿಯೂ ನೋಡುವುದಿಲ್ಲ. ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸುತ್ತಾ, ಖಾಲಿ ಲೋಟವನ್ನು ಮತ್ತೆ ಜಗ್ಗಿನತ್ತ ಚಾಚುತ್ತಾನೆ.