ಡಯಾಪರ್ ಪಂಡಿತರು

ಹುಟ್ಟಲಿರುವ ಮಗುವಿಗೆ ಬಟ್ಟೆಯ ಲಂಗೋಟಿಯೋ ಬಳಸಿ ಬಿಸಾಡುವ ಡಯಾಪರೋ ಎಂಬ ಪ್ರಶ್ನೆಯನ್ನು ತಾವೊಬ್ಬರೇ ಇತ್ಯರ್ಥ ಮಾಡಬೇಕೆಂದು ನಂಬಿರುವ ಗಂಡಸರನ್ನು ಡಯಾಪರ್ ಪಂಡಿತರೆಂದು ಕರೆಯಬಹುದು. ವಯಸ್ಸು ಸಾಮಾನ್ಯವಾಗಿ ಮೂವತ್ತರ ಆಚೀಚೆ. ಕೆಲಸ ಬೆಂಗಳೂರಿನಲ್ಲಿ, ಹೆಂಡತಿಯ ತವರು ತಿಪಟೂರು, ಹಾಸನ, ಶಿರಸಿಗಳ ಕಡೆ. ಹೆಂಡತಿಗೆ ಏಳು ತಿಂಗಳು ತುಂಬುವವರೆಗೆ ಇವರಲ್ಲಿ ಯಾವ ವಿಶೇಷ ಲಕ್ಷಣವೂ ಕಾಣುವುದಿಲ್ಲ. ಸೀಮಂತಕ್ಕೆ ದಿನ ಗೊತ್ತಾದ ಮೇಲೆ ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ಹೊಸ ಎಕ್ಸೆಲ್ ಹಾಳೆ ತೆರೆದುಕೊಳ್ಳುತ್ತದೆ. ಪಾಂಡಿತ್ಯ ಅಲ್ಲಿಂದ ಶುರು. ಈ ವರ್ಗದ ಎಲ್ಲರಿಗೂ ಸಮಾನವಾದ ಗುಣ ಒಂದುಂಟು: ಈವರೆಗೆ ಯಾವ ಮಗುವಿನ ಲಂಗೋಟಿಯನ್ನೂ ಇವರು ಬದಲಿಸಿದವರಲ್ಲ.

ಅಧ್ಯಯನದ ಮೊದಲ ಘಟ್ಟ ಇತಿಹಾಸ. ಅಮೆರಿಕದ ವಾಲ್ಟರ್ ಹಂಟ್ 1849ರಲ್ಲಿ ಸೇಫ್ಟಿ ಪಿನ್ನಿಗೆ ಪೇಟೆಂಟ್ ಪಡೆದದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮೇರಿಯನ್ ಡೊನೊವನ್ ಎಂಬ ತಾಯಿ ಒದ್ದೆ ಲಂಗೋಟಿ, ಒದ್ದೆ ಹಾಸಿಗೆಗಳನ್ನು ಒಗೆದು ಒಗೆದು ಬೇಸತ್ತು, ಸ್ನಾನದ ಮನೆಯ ಪರದೆಯನ್ನೇ ಕತ್ತರಿಸಿ ಲಂಗೋಟಿಗೆ ನೀರು ಸೋರದ ಹೊದಿಕೆ ಹೊಲಿದದ್ದು. ಅದಕ್ಕೆ 1951ರಲ್ಲಿ ಪೇಟೆಂಟ್ ಸಿಕ್ಕಿದ್ದು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಎಂಜಿನಿಯರ್ ವಿಕ್ಟರ್ ಮಿಲ್ಸ್ ಮೊಮ್ಮಗುವಿನ ಲಂಗೋಟಿ ಬದಲಿಸುವ ಕೆಲಸಕ್ಕೆ ಸಿಕ್ಕಿಬಿದ್ದು ಬೇರೆ ದಾರಿ ಹುಡುಕಹೊರಟದ್ದು. 1961ರಲ್ಲಿ ಪ್ಯಾಂಪರ್ಸ್ ಮಾರಾಟಕ್ಕೆ ಬಂದದ್ದು. ಇದಿಷ್ಟನ್ನೂ ಪಂಡಿತರು ಸೀಮಂತದ ಪಂಕ್ತಿಯಲ್ಲಿ, ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ, ಪಕ್ಕದ ಎಲೆಯ ಮಾವನವರಿಗೆ ಹೇಳಲು ತೊಡಗುತ್ತಾರೆ. ಮಾವನವರು ಅನ್ನ ಬಿಟ್ಟು ನೇರ ಮಜ್ಜಿಗೆ ತರಿಸಿಕೊಂಡು ಊಟ ಮುಗಿಸುತ್ತಾರೆ. ಡೊನೊವನ್‌ಗೂ ಮಿಲ್ಸ್‌ಗೂ ಉಪಾಯ ಹೊಳೆದದ್ದು ಸ್ವಂತ ಕೈ ಒದ್ದೆಯಾದ ಮೇಲೆ. ಈ ಸಂಗತಿ ಕಥೆಯೊಳಗೇ ಇದ್ದರೂ ಪಂಡಿತರು ಅದನ್ನು ದಾಟಿಕೊಂಡು ಪೇಟೆಂಟಿನ ವರ್ಷಕ್ಕೆ ಹೋಗುತ್ತಾರೆ.

ಎರಡನೆಯ ಘಟ್ಟ ವಿಜ್ಞಾನ. ಬಿಸಾಡುವ ಡಯಾಪರಿನ ಒಳಗೆ ಮರದ ತಿರುಳಿನ ನಾರಿನ ಜೊತೆ ಸಕ್ಕರೆಯಂಥ ಬಿಳಿ ಹರಳುಗಳಿರುತ್ತವೆ. ಹೆಸರು ಸೋಡಿಯಂ ಪಾಲಿಅಕ್ರಿಲೇಟ್. 1980ರ ದಶಕದಲ್ಲಿ ಡಯಾಪರಿಗೆ ಸೇರಿದ ಈ ವಸ್ತು ಶುದ್ಧ ನೀರನ್ನಾದರೆ ತನ್ನ ತೂಕದ ನೂರಾರು ಪಟ್ಟು ಹೀರಬಲ್ಲದು; ಉಪ್ಪಿನಂಶವಿರುವ ಮೂತ್ರವನ್ನು ಅದಕ್ಕಿಂತ ಬಹಳ ಕಡಿಮೆ, 30 ಪಟ್ಟಿನ ಆಸುಪಾಸು. ಹೀರಿದ್ದನ್ನು ಲೋಳೆಯಾಗಿಸಿ ಹಿಡಿದಿಡುವುದರಿಂದ ಮೇಲೆ ಒತ್ತಿದರೂ ಒದ್ದೆ ಹೊರಗೆ ಬರುವುದಿಲ್ಲ. ಓದಿಯಷ್ಟೇ ತೃಪ್ತರಾಗದ ಪಂಡಿತರು ಅತ್ತೆಯವರ ಅಡುಗೆಮನೆಯಲ್ಲಿ ಪ್ರಾತ್ಯಕ್ಷಿಕೆ ಏರ್ಪಡಿಸುತ್ತಾರೆ. ಹೊಸ ಡಯಾಪರನ್ನು ಕತ್ತರಿಯಿಂದ ಸೀಳಿ, ಹರಳು ಉದುರಿಸಿ, ಪಾತ್ರೆಗೆ ಹಾಕಿ, ಒಂದು ಲೋಟ ನೀರು ಸುರಿಯುತ್ತಾರೆ. ಅರೆನಿಮಿಷದಲ್ಲಿ ನೀರು ಲೋಳೆ. ಪಾತ್ರೆ ತಲೆಕೆಳಗಾಗುತ್ತದೆ, ಒಂದು ಹನಿಯೂ ಬೀಳುವುದಿಲ್ಲ. "ಅಳಿಯಂದ್ರೇ, ಅದು ಹಾಲು ಕಾಯಿಸೋ ಪಾತ್ರೆ" ಎಂಬ ಅತ್ತೆಯವರ ಮಾತು ಈ ಪ್ರಯೋಗದ ಸಾಮಾನ್ಯ ಫಲಿತಾಂಶ. ಲೋಳೆಯನ್ನು ಸಿಂಕಿಗೆ ಸುರಿಯುವಂತಿಲ್ಲ, ಪೈಪು ಕಟ್ಟೀತು. ಉಪ್ಪು ಬೆರೆಸಿದರೆ ಅದು ನೀರು ಬಿಟ್ಟುಕೊಂಡು ಕುಗ್ಗುತ್ತದೆ. ಹೀಗಾಗಿ ಹಾಲಿನ ಪಾತ್ರೆಯ ಹಿಂದೆಯೇ ಉಪ್ಪಿನ ಭರಣಿಯೂ ವಿಜ್ಞಾನಕ್ಕೆ ಅರ್ಪಿತವಾಗುತ್ತದೆ.

ಪಂಡಿತರ ಎದುರು ಪಕ್ಷ ಅತ್ತೆಯವರು. ಅವರ ಬಳಿ ಎಕ್ಸೆಲ್ ಇಲ್ಲ, ಟ್ರಂಕು ಇದೆ. ಅದರೊಳಗೆ ಮಾವನವರ ಹಳೆಯ ಪಂಚೆಗಳು, ವರ್ಷಗಟ್ಟಲೆ ಒಗೆಸಿಕೊಂಡು ಮೆತ್ತಗಾದ ನೂಲಿನ ಸೀರೆಗಳು ಚೌಕ ಚೌಕವಾಗಿ ಹರಿದು, ಅಂಚು ಮಡಿಸಿ ಹೊಲಿಸಿಕೊಂಡು ಕಾದಿರುತ್ತವೆ. ಹೊಸ ಬಟ್ಟೆಯಲ್ಲಿ ಗಂಜಿಯ ಬಿರುಸಿರುತ್ತದೆ, ನೀರನ್ನು ಸುಲಭವಾಗಿ ಹೀರುವುದಿಲ್ಲ. ಹಳೆಯದು ಹೀರುತ್ತದೆ, ಮೈಗೆ ಒತ್ತುವುದಿಲ್ಲ, ತೆಳುವಾದ್ದರಿಂದ ಬೇಗ ಒಣಗುತ್ತದೆ. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿ ಮುಕ್ಕೋನ ಮಾಡಿ, ಮೂರು ತುದಿಗಳನ್ನೂ ಹೊಕ್ಕುಳಿನ ಕೆಳಗೆ ಸೇರಿಸಿ ಗಂಟು ಹಾಕುವುದು ವಿಧಾನ. ಒದ್ದೆಯಾದೊಡನೆ ಮಗು ಅಳುತ್ತದೆ. ಬಿಚ್ಚಿ ಬೇರೆ ಕಟ್ಟುತ್ತಾರೆ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡಿದರೆ ಹಾಲು ಸಾಲುತ್ತಿದೆ ಎಂದು ಮಕ್ಕಳ ಡಾಕ್ಟರು ಲೆಕ್ಕ ಹಿಡಿಯುತ್ತಾರೆ. ಬಟ್ಟೆಯ ಮನೆಯಲ್ಲಿ ಆ ಲೆಕ್ಕ ಹಗ್ಗದ ಮೇಲೇ ನೇತಾಡುತ್ತಿರುತ್ತದೆ. ಮೂರು ನಾಲ್ಕು ಸಲದ್ದನ್ನು ಸದ್ದಿಲ್ಲದೆ ನುಂಗುವ ಡಯಾಪರಿನಲ್ಲಿ ಎಣಿಸುವುದು ಕಷ್ಟ. ಈ ಮಾತನ್ನು ಅತ್ತೆಯವರು ಹೇಳಿದಾಗ ಪಂಡಿತರು ಆಧಾರ ಕೇಳುತ್ತಾರೆ. ಡಾಕ್ಟರು ಹೇಳಿದಾಗ ಎಕ್ಸೆಲ್‌ಗೆ ಸೇರಿಸುತ್ತಾರೆ.

ಬಟ್ಟೆ ಪಕ್ಷದ ದೌರ್ಬಲ್ಯ ಮಳೆಗಾಲ. ಆಷಾಢದಲ್ಲಿ ಹುಟ್ಟಿದ ಮಗುವಿನ ಮನೆಯಲ್ಲಿ, ಅದರಲ್ಲೂ ಮಲೆನಾಡಿನಲ್ಲಿ, ಜಗಲಿ, ನಡುಮನೆ, ಕಿಟಕಿಯ ಸರಳು, ಕುರ್ಚಿಯ ಬೆನ್ನು ಎಲ್ಲವೂ ಲಂಗೋಟಿಗೆ ಮೀಸಲು. ಬಂದ ನೆಂಟರು ಲಂಗೋಟಿ ಸರಿಸಿ ಕೂರುತ್ತಾರೆ. ಒಲೆಯ ಶಾಖದಲ್ಲಿ ಒಣಗಿದ ಬಟ್ಟೆಗೆ ಹೊಗೆಯ ವಾಸನೆ ಹತ್ತಿ, ಅಲ್ಲಿಂದ ಮಗುವಿಗೂ ಹತ್ತುತ್ತದೆ. ಅರೆ ಒಣಗಿದ ಬಟ್ಟೆ ಕಟ್ಟಿದರೆ ತೊಡೆಯ ಸಂದಿ ಕೆಂಪಾಗುತ್ತದೆ. ತುಂಬಿದ ಡಯಾಪರನ್ನು ಗಂಟೆಗಟ್ಟಲೆ ಬಿಟ್ಟರೂ ಕೆಂಪಾಗುತ್ತದೆ. ಚರ್ಮಕ್ಕೆ ಬೇಕಾದದ್ದು ಒಣಗಿರುವುದಷ್ಟೇ. ಅದು ಪಕ್ಷ ಕೇಳುವುದಿಲ್ಲ. ಆದರೂ ಪ್ರತಿಯೊಂದು ಕೆಂಪು ಗುಳ್ಳೆಯನ್ನೂ ಉಭಯ ಪಕ್ಷದವರು ತಮ್ಮ ಪರವಾದ ಸಾಕ್ಷಿಯೆಂದೇ ಎಣಿಸುತ್ತಾರೆ. ಬಾಣಂತಿ ಸದ್ದಿಲ್ಲದೆ ಜಿಂಕ್ ಆಕ್ಸೈಡ್ ಮುಲಾಮು ಹಚ್ಚುತ್ತಾಳೆ.

ಬಾಣಂತನದ ತಿಂಗಳುಗಳಲ್ಲಿ ಪಂಡಿತರ ಇರುವಿಕೆ ಶನಿವಾರ, ಭಾನುವಾರಗಳಿಗೆ ಸೀಮಿತ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಿಂದ ಹೊರಡುವ ಬಸ್ಸಿನಲ್ಲಿ ತೊಡೆಯ ಮೇಲೆ ಜಂಬೋ ಪ್ಯಾಕು ಇಟ್ಟುಕೊಂಡು, ಅದನ್ನೇ ತಬ್ಬಿ ನಿದ್ದೆಹೋದವರನ್ನು ಗುರುತಿಸುವುದು ಕಷ್ಟವಲ್ಲ. ತವರಿನಲ್ಲಿ ಆ ಪ್ಯಾಕು ಬೀರುವಿನ ಮೇಲೇರುತ್ತದೆ. ಮುಂದಿನ ವಾರ ಅದರ ಪಕ್ಕಕ್ಕೆ ಇನ್ನೊಂದು ಬರುತ್ತದೆ. ಬಿಚ್ಚುವ ಮೊದಲೇ ಮಗು ಆ ಸೈಜು ದಾಟಿರುತ್ತದೆ. ನಾಮಕರಣಕ್ಕೆ ಬಂದ ಕೈಕೂಸಿನ ನೆಂಟರಿಗೆ ಎಲೆ ಅಡಿಕೆಯ ಜೊತೆ ಪ್ಯಾಕೂ ಸಲ್ಲುತ್ತದೆ. ವಾರದ ಉಳಿದ ದಿನ ಮಾರ್ಗದರ್ಶನ ವಿಡಿಯೊ ಕಾಲ್ ಮೂಲಕ. "ಎಷ್ಟು ಗಂಟೆಗೊಂದ್ಸಲ ಚೇಂಜ್ ಮಾಡ್ತಿದ್ದೀರಾ?" ಎಂದು ರಾತ್ರಿ ಹತ್ತಕ್ಕೆ ವಿಚಾರಿಸಿ, ಎರಡು ಗಂಟೆಗೊಮ್ಮೆ ಮಾಡುವುದೇ ಸರಿಯೆಂದು ವಿಧಿಸಿ, ಪಂಡಿತರು ಬೆಳಗಿನ ತನಕ ಮಲಗುತ್ತಾರೆ.

ಪಂಡಿತರ ಬ್ರಹ್ಮಾಸ್ತ್ರ ಪರಿಸರ. ಇಂಗ್ಲೆಂಡಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿನ ಮಗುವೊಂದಕ್ಕೆ ಎರಡೂವರೆ ವರ್ಷ ಬಿಸಾಡುವ ಡಯಾಪರ್ ಹಾಕಿದರೆ ವಾತಾವರಣಕ್ಕೆ ಸೇರುವ ಇಂಗಾಲದ ಹೊರೆ ಸುಮಾರು 550 ಕಿಲೊ. ಬಟ್ಟೆಯದಾದರೆ ಸುಮಾರು 570 ಕಿಲೊ. ಬಟ್ಟೆ ಒಗೆಯಲು, ಒಣಗಿಸಲು ಖರ್ಚಾಗುವ ವಿದ್ಯುತ್ತು ಈ ಅಂಕಿಯ ಹಿಂದಿದೆ. ಡಯಾಪರ್ ಪರ ವಾದಿಸುವ ದಿನ ಪಂಡಿತರು ಇಲ್ಲಿಗೆ ನಿಲ್ಲಿಸುತ್ತಾರೆ. ಬಟ್ಟೆಯ ಪರ ತಿರುಗಿದ ದಿನ ವರದಿಯ ಮುಂದಿನ ಭಾಗ ಓದುತ್ತಾರೆ: ಮಷಿನ್ ತುಂಬುವಷ್ಟು ಕೂಡಿಹಾಕಿ ಒಗೆದರೆ, ಹಗ್ಗದ ಮೇಲೆ ಹೊರಗೆ ಒಣಗಿಸಿದರೆ, ಎರಡನೇ ಮಗುವಿಗೂ ಅವನ್ನೇ ಕಟ್ಟಿದರೆ ಬಟ್ಟೆಯ ಹೊರೆ ಸುಮಾರು 200 ಕಿಲೊ ಇಳಿಯುತ್ತದೆ. ಈ ಮೂರು ಸೂತ್ರಗಳಲ್ಲಿ ಎರಡನ್ನು ಅತ್ತೆಯವರು ಯಾವ ವರದಿಯನ್ನೂ ಓದದೆ ಪಾಲಿಸಿದವರು. ಮೊದಲನೆಯದಕ್ಕೆ ಅವರ ಮನೆಯಲ್ಲಿ ಮಷಿನ್ನೇ ಇರಲಿಲ್ಲ, ಕಲ್ಲಿತ್ತು. ಕಲ್ಲಿನ ಮುಂದೆ ಕೂತವರು ಯಾರೆಂಬುದನ್ನು ಇಂಗ್ಲೆಂಡಿನ ವರದಿ ಕೇಳುವುದಿಲ್ಲ, ಅಳಿಯಂದಿರೂ ಕೇಳುವುದಿಲ್ಲ.

ಐದನೇ ತಿಂಗಳಿಗೆ ತಾಯಿ, ಮಗು ಬೆಂಗಳೂರಿನ ಫ್ಲ್ಯಾಟಿಗೆ ಬರುತ್ತಾರೆ. ಅಷ್ಟರಲ್ಲಿ ಪಂಡಿತರು ಮೂರನೆಯ ಪಂಥವೊಂದನ್ನು ಕಂಡುಕೊಂಡಿರುತ್ತಾರೆ. ಅದು ಆಧುನಿಕ ಬಟ್ಟೆ ಡಯಾಪರ್. ಹೊರಗೆ ಆನೆ, ಜಿರಾಫೆಗಳ ಚಿತ್ರವಿರುವ ನೀರು ಸೋರದ ಕವಚ. ಮಗು ಬೆಳೆದಂತೆ ಹಿಗ್ಗಿಸಿಕೊಳ್ಳಲು ಒತ್ತುಗುಂಡಿಗಳು. ಒಳಗೆ ಸೇರಿಸಿ ತೆಗೆಯುವ ಹೀರುಪಟ್ಟಿ. ಹತ್ತಿಯ ಹೀರುಪಟ್ಟಿಗಳು ಹಲವು ಸಲ ಒಗೆಸಿಕೊಂಡ ಮೇಲಷ್ಟೇ ಪೂರ್ತಿ ಹೀರತೊಡಗುತ್ತವೆ. ಬಟ್ಟೆ ಮೆತ್ತಗಾಗಿಸುವ ದ್ರಾವಣ ಹಾಕಬಾರದು, ಅದು ಎಳೆಗಳ ಮೇಲೆ ಪದರ ಕಟ್ಟಿ ಹೀರುವ ಗುಣವನ್ನೇ ಕೊಲ್ಲುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣದಂಶ ಸೋಪಿನೊಂದಿಗೆ ಸೇರಿ ಬಟ್ಟೆಯಲ್ಲಿ ಕೂತರೆ ಪಟ್ಟಿ ಹಪ್ಪಳವಾಗುತ್ತದೆ. ಪಂಡಿತರು ಇಷ್ಟನ್ನೂ ಕ್ರಮವಾಗಿ ಟೈಪ್ ಮಾಡಿ, ಲ್ಯಾಮಿನೇಟ್ ಮಾಡಿಸಿ, ವಾಷಿಂಗ್ ಮಷಿನ್ನಿನ ಮೇಲೆ ಅಂಟಿಸುತ್ತಾರೆ. ಮಷಿನ್ನಿನೊಂದಿಗೆ ಅವರ ಸಂಬಂಧ ಅಲ್ಲಿಗೆ ಮುಗಿಯುತ್ತದೆ.

ಖರ್ಚಿನ ಲೆಕ್ಕ ಎಕ್ಸೆಲ್ ಹಾಳೆಯ ಹೃದಯಭಾಗ. ಡಯಾಪರ್ ಒಂದಕ್ಕೆ 10 ರೂಪಾಯಿ, ದಿನಕ್ಕೆ 8 ಎಂದು ಹಿಡಿದರೆ ತಿಂಗಳಿಗೆ 2,400 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡಯಾಪರಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಾಗ ಪಂಡಿತರು ನಿದ್ದೆಗೆಟ್ಟು ಎಲ್ಲ ಕಾಲಂಗಳನ್ನೂ ತಿದ್ದುತ್ತಾರೆ. ಮಗುವಿನ ದೆಸೆಯಿಂದ ಅವರು ನಿದ್ದೆಗೆಟ್ಟ ರಾತ್ರಿಗಳಲ್ಲಿ ಇದು ಮುಖ್ಯವಾದದ್ದು. ಬಟ್ಟೆಯ ಕಾಲಂನಲ್ಲಿ ಕೊಂಡ ಬೆಲೆ, ಸೋಪಿನ ಪುಡಿ, ವಿದ್ಯುತ್ತು, ಟ್ಯಾಂಕರ್ ನೀರು ಎಲ್ಲಕ್ಕೂ ಜಾಗವಿದೆ. ಇಡೀ ಹಾಳೆ ಮಗುಚುವುದು ಮನೆಗೆಲಸದವಳ ಒಂದು ಮಾತಿಗೆ: "ಅಕ್ಕಾ, ನಾನು ಒಪ್ಕೊಂಡಿದ್ದು ನಿಮ್ಮಿಬ್ಬರ ಬಟ್ಟೆಗೆ. ಮಗೂದು ಕಕ್ಕದ ಬಟ್ಟೆಗೆ ಬೇರೆ ಆಗುತ್ತೆ." ಪಂಡಿತರು ಮಗುವಿನ ಬಟ್ಟೆ ಗಾತ್ರದಲ್ಲಿ ಎಷ್ಟು ಚಿಕ್ಕದೆಂದು ಅವಳಿಗೆ ವಿವರಿಸಲು ಮುಂದಾಗುತ್ತಾರೆ. ಅವಳು ಉತ್ತರವನ್ನು ಅಕ್ಕನಿಗೇ ಕೊಡುತ್ತಾಳೆ. ಹಾಳೆಯಲ್ಲಿ ನೀರಿಗೆ ಬೆಲೆಯಿತ್ತು, ಬೆಳಕಿಗೆ ಬೆಲೆಯಿತ್ತು. ಕೈಗೆ ಕಾಲಂ ಇರಲಿಲ್ಲ.

ಪಂಡಿತರು ಪ್ರಾಯೋಗಿಕವಾಗಿ ಮಿಂಚುವ ಕ್ಷೇತ್ರ ಕಸ. ಬಳಸಿದ ಡಯಾಪರನ್ನು ಭದ್ರವಾಗಿ ಸುತ್ತಿಯೇ ಕೊಡಬೇಕು, ಸುತ್ತುವ ಚೀಲವನ್ನು ತಯಾರಕರು ಪ್ಯಾಕಿನೊಂದಿಗೇ ಒದಗಿಸಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು. ಬೆಂಗಳೂರಿನಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ಚೀಲ, ಡಯಾಪರಿನಂಥದ್ದಕ್ಕೆ ಕೆಂಪು ಬುಟ್ಟಿ ಎಂಬ ಪದ್ಧತಿ ಬಂದು ಹತ್ತು ವರ್ಷದ ಮೇಲಾಯಿತು. ಪಂಡಿತರು ಡಯಾಪರನ್ನು ದಿನಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾರೆ. ಸುತ್ತುವ ಮೊದಲು ಒಳಗಿನದನ್ನು ಕಕ್ಕಸಿಗೆ ಸುರಿಯಬೇಕು ಎಂಬುದೂ ಅವರಿಗೆ ಗೊತ್ತು. ಆ ಭಾಗವನ್ನು ಹೆಂಡತಿ ಮುಗಿಸಿ ಕೊಟ್ಟಿರುತ್ತಾಳೆ. ಕಸ ಒಯ್ಯಲು ಬಂದ ಪೌರಕಾರ್ಮಿಕ ಮಹಿಳೆ ಕಟ್ಟನ್ನು ಕೈಯಲ್ಲಿ ಹಿಡಿದು, "ಸಾರ್, ಪಾರ್ಸೆಲ್ ಯಾರಿಗೆ?" ಎಂದು ಕೇಳುವುದುಂಟು. ಸುತ್ತದೆ, ಗುರುತಿಲ್ಲದೆ ಎಸೆದದ್ದನ್ನು ಬರಿಗೈಯಲ್ಲಿ ಬೇರ್ಪಡಿಸಬೇಕಾದ ಅವಳಿಗೆ ಇದು ನಿಜವಾದ ಉಪಕಾರವೇ. ಪಂಡಿತರ ಲೆಕ್ಕಕ್ಕೆ ಬರೆಯಬೇಕಾದ ಪುಣ್ಯ ಇದು.

ಬಟ್ಟೆಯೋ ಡಯಾಪರೋ ಎಂಬ ಪ್ರಶ್ನೆ ಹೆಚ್ಚಿನ ಮನೆಗಳಲ್ಲಿ ತೀರ್ಪಿಲ್ಲದೆ ತೀರುತ್ತದೆ. ಹಗಲು ಮನೆಯಲ್ಲಿ ಬಟ್ಟೆ. ರಾತ್ರಿ, ಪ್ರಯಾಣಕ್ಕೆ, ಮದುವೆ ಮನೆಗೆ, ಡಾಕ್ಟರ ಬಳಿಗೆ ಡಯಾಪರ್. ಮಳೆ ಹಿಡಿದರೆ ಎರಡು ದಿನ ಡಯಾಪರ್ ಜಾಸ್ತಿ, ಚರ್ಮ ಕೆಂಪಾದರೆ ಎರಡು ದಿನ ಏನೂ ಇಲ್ಲದೆ ಗಾಳಿ. ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. ನಡುರಾತ್ರಿ ಮೂರಕ್ಕೆ ಎದ್ದವಳ ಕೈಗೆ ಯಾವುದು ಸಿಕ್ಕಿತೋ, ಯಾವುದನ್ನು ಮರುದಿನ ಒಗೆಯುವ ತ್ರಾಣ ಉಳಿದಿತ್ತೋ, ಅದರ ಮೊತ್ತ ಇದು. ಪಂಡಿತರು ಇದಕ್ಕೆ ಹೈಬ್ರಿಡ್ ಮಾದರಿ ಎಂದು ಹೆಸರಿಟ್ಟು, ಆಫೀಸಿನಲ್ಲಿ ತಂದೆಯಾಗಲಿರುವ ಕಿರಿಯರಿಗೆ ಬೋಧಿಸುತ್ತಾರೆ.

ಮುಂದೆ ಪಂಡಿತರು ಎರಡು ಕವಲಾಗುತ್ತಾರೆ. ಮೊದಲ ಕವಲಿನವರು ಮಗುವಿಗೆ ಆರು ತಿಂಗಳಾದೊಡನೆ ಹಾಳೆಯ ಹೆಸರು ಬದಲಿಸಿ, ಮನೆಯ ರಾಗಿ ಸರಿಯೋ ಡಬ್ಬದ ಪುಡಿಯೋ ಎಂಬ ವಿಚಾರಕ್ಕೆ ದಾಟಿಕೊಳ್ಳುತ್ತಾರೆ. ಇವರಿಗೆ ಗುಣವಿಲ್ಲ. ಎರಡನೆಯ ಕವಲಿನವರನ್ನು ಯಾವುದೋ ಒಂದು ಮಧ್ಯಾಹ್ನ ಹೆಂಡತಿ ಮಗುವಿನೊಂದಿಗೆ ಒಬ್ಬರನ್ನೇ ಬಿಟ್ಟು ಬ್ಯಾಂಕಿಗೋ ಹಲ್ಲಿನ ಡಾಕ್ಟರ ಬಳಿಗೋ ಹೋಗಿರುತ್ತಾಳೆ. ಆ ಮಧ್ಯಾಹ್ನ ಮಗುವಿನ ಹೊಟ್ಟೆ ಸರಿಯಿರುವುದಿಲ್ಲ. ಒತ್ತುಗುಂಡಿ ಬಿಚ್ಚಿಕೊಳ್ಳುತ್ತದೆ, ಜಿರಾಫೆಯ ಕುತ್ತಿಗೆಯವರೆಗೂ, ಹಾಸಿಗೆಗೂ, ಪಂಡಿತರ ಅಂಗಿಗೂ ಫಲ ಸಲ್ಲುತ್ತದೆ. ಲ್ಯಾಮಿನೇಟ್ ಮಾಡಿದ ಹಾಳೆಯನ್ನು ಅವರು ಅಂದು ಮೊದಲ ಸಲ ಓದುಗರಾಗಿ ಓದುತ್ತಾರೆ. ಹೆಂಡತಿ ಹಿಂತಿರುಗುವಾಗ ಬಾಲ್ಕನಿಯ ಹಗ್ಗದಲ್ಲಿ ಬಟ್ಟೆಗಳು ತೊಟ್ಟಿಕ್ಕುತ್ತಿರುತ್ತವೆ, ಪಂಡಿತರು ಮಾತಾಡುತ್ತಿರುವುದಿಲ್ಲ.

ಗುಣವಾದವರನ್ನು ಗುರುತಿಸುವ ವಿಧಾನ ಸರಳ. ನೆಂಟರ ಮನೆಯ ಸೀಮಂತದಲ್ಲಿ ಹೊಸ ಪಂಡಿತನೊಬ್ಬ ಪಕ್ಕದಲ್ಲಿ ಕೂತು, 1951, 1961, 550, 570 ಎಲ್ಲವನ್ನೂ ಒಪ್ಪಿಸಿ, "ಭಾವ, ನೀವೇನಂತೀರಿ, ಬಟ್ಟೆನೋ ಡಯಾಪರೋ?" ಎಂದು ಕೇಳಿದಾಗ ಇವರು ಯಾವ ಪಕ್ಷವನ್ನೂ ವಹಿಸುವುದಿಲ್ಲ. ಎಲೆಯ ಮೇಲಿನ ಹೋಳಿಗೆ ಮುರಿಯುತ್ತ ತಿರುಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಒಗೆಯೋರು ಯಾರಪ್ಪಾ?"